ಮಂದಾಕಿನಿಯ ಮನೆ, ಶಿವಪುತ್ರನ ಗಾಡಿ

ನಾನು ಹುಟ್ಟಿದ್ದು ಬಸ್ಸಾಗಿ. ಮನೆಯಾದದ್ದು ಆಮೇಲೆ. ಮನೆಯಾಗಿದ್ದ ನನ್ನನ್ನು ಕತ್ತರಿಸಿ, ಕೆಟ್ಟು ನಿಂತ ಕಾರುಗಳನ್ನು ಹೊರುವ ಗಾಡಿ ಮಾಡಿದ್ದು ಎಲ್ಲಕ್ಕಿಂತ ಕೊನೆಗೆ. ಮೂರು ಜನ್ಮವನ್ನೂ ಒಂದೇ ಚಾಸಿಯ ಮೇಲೆ ಕಳೆದವನು ನಾನು. ಮೊದಲನೆಯದರಲ್ಲಿ ದಣಿದೆ, ಎರಡನೆಯದರಲ್ಲಿ ಸುಖಪಟ್ಟೆ. ಮೂರನೆಯದರ ಬಗ್ಗೆ ಹೇಳುವುದಕ್ಕೇ ಇಷ್ಟೆಲ್ಲ ಮಾತು.

ಬಸ್ಸಿನ ಕಾಲದ್ದು ಹೇಳುವಂಥದ್ದೇನೂ ಇಲ್ಲ. ಕೆಂಪು ಬಣ್ಣ ಬಳಿದುಕೊಂಡು ಕುಷ್ಟಗಿ, ಇಳಕಲ್ಲು, ಹುನಗುಂದದ ದಾರಿಯಲ್ಲಿ ಧೂಳು ತಿನ್ನುತ್ತಾ ಓಡಾಡಿದೆ. ಸೀರೆಯ ಗಂಟು, ಕೋಳಿಯ ಬುಟ್ಟಿ, ಬಾಣಂತಿಯರು, ಕೋರ್ಟಿಗೆ ಹೋಗುವವರು, ಎಲ್ಲರನ್ನೂ ಹೊತ್ತೆ. ಇಳಿಯುವಾಗ ಯಾರೂ ನನ್ನ ಕಡೆ ತಿರುಗಿ ನೋಡಿದ್ದಿಲ್ಲ. ಬಸ್ಸನ್ನು ಯಾರು ನೋಡುತ್ತಾರೆ? ಎಂಜಿನ್ನು ಹೊಗೆ ಕಾರತೊಡಗಿದ ಮೇಲೆ ಡಿಪೋದ ಮೂಲೆಯಲ್ಲಿ ನಿಲ್ಲಿಸಿ ಹರಾಜು ಕೂಗಿದರು.

ಆ ಹರಾಜಿಗೆ ಬಂದವರಲ್ಲಿ ಒಬ್ಬಳೇ ಒಬ್ಬ ಹೆಂಗಸು. ಹಸಿರು ಇಳಕಲ್ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಕಿವಿಯ ಹಿಂದೆ ಸರಿಯಾಗಿ ತೊಳೆಯದೆ ಉಳಿದ ಗುಲಾಬಿ ಬಣ್ಣ. ಗುಜರಿಯವರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. "ಮಂದಾಕಿನಿ ತಾವರಗೇರಿ ಅದಾಳಲೇ, ನಾಟಕದಾಕಿ" ಎಂದು ಒಬ್ಬ ಪಿಸುಗುಟ್ಟಿದ. ಅವಳಿಗೆ ಕೇಳಿಸಿತು. ಅವಳು ನನ್ನ ಸುತ್ತ ಒಂದು ಸುತ್ತು ಬಂದು, ಒಳಗೆ ಹತ್ತಿ, ಸೀಟುಗಳ ನಡುವೆ ಉದ್ದಕ್ಕೂ ನಡೆದು, ಹಿಂದಿನ ಕಿಟಕಿಯಿಂದ ಹೊರಗೆ ನೋಡಿದಳು. ಜೊತೆಗಿದ್ದ ಚಾಲಕನಿಗೆ ಹೇಳಿದಳು, "ಶಿವಪುತ್ರ, ಇದ ಸಾಕು. ಇಲ್ಲೆ ಒಲಿ, ಅಲ್ಲೆ ಹಾಸಿಗಿ."

ಶಿವಪುತ್ರ ಅವಳ ನಾಟಕ ಕಂಪನಿಯ ಲಾರಿ ಓಡಿಸುತ್ತಿದ್ದ ಹುಡುಗ. ಮೀಸೆ ಆಗಷ್ಟೇ ಚಿಗುರಿತ್ತು. "ಅಕ್ಕಾರ, ಎಂಜಿನ್ನಿಗೆ ಕೆಲಸ ಭಾಳ ಐತ್ರಿ" ಎಂದ.

"ಇರವಲ್ದ್ಯಾಕ. ಬಾಗಲಾ ಹಾಕ್ಕೊಂಡ್ರ ಯಾರೂ ತೆಗಿ ಅನ್ನಬಾರದು, ಅಷ್ಟ ಆದ್ರ ಸಾಕು ನನಗ."

ಆ ಮಾತಿನ ಅರ್ಥ ನನಗೆ ತಿಳಿದದ್ದು ಹುಬ್ಬಳ್ಳಿಯಲ್ಲಿ, ಬಸ್ಸಿಗೆ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ. ಸೀಟುಗಳನ್ನು ಬಿಚ್ಚಿಸುತ್ತಾ ಅವಳು ಮೇಸ್ತ್ರಿ ಖಾದರಸಾಬರಿಗೆ ಹೇಳುತ್ತಿದ್ದಳು. ಕಂಪನಿ ಊರಿಂದೂರಿಗೆ ಮೊಕ್ಕಾಂ ಹೂಡುತ್ತದೆ. ಗಂಡು ಕಲಾವಿದರು ಎಲ್ಲೋ ಒಂದು ಕಡೆ ಬಿದ್ದುಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಮನೆ ಬೇಕು. ಆದರೆ ಬಣ್ಣ ಹಚ್ಚುವವರಿಗೆ ಮನೆ ಕೊಡುವವರಿಲ್ಲ. ಹಿಂದಿನ ಮೊಕ್ಕಾಮಿನಲ್ಲಿ ಒಬ್ಬರು ಕೊಟ್ಟಿದ್ದರಂತೆ, ಶಾಲೆಯ ಅಕ್ಕೋರು ಇರಬೇಕು ಎಂದುಕೊಂಡು. ಮರುದಿನ ಪೇಟೆಯಲ್ಲಿ ಅವಳ ಹೆಸರಿನ ನಾಟಕದ ಬೋರ್ಡು ಏರಿತು. ಮನೆಯ ಯಜಮಾನ ಬಂದವನೇ ಕುದಿಯುತ್ತಿದ್ದ ಅನ್ನದ ಸಮೇತ ಸ್ಟೋವನ್ನು ಬೀದಿಗೆ ಇಟ್ಟ.

"ಅವತ್ತ ರಾತ್ರಿ ಅದ ಮನಶ್ಯಾ ಮುಂದಿನ ಖುರ್ಚ್ಯಾಗ ಕುಂತು ಒನ್ಸ್ ಮೋರ್ ಅಂತಾನ್ರಿ ಮೇಸ್ತ್ರಿ. ನಾ ಹಾಡಿದ್ನಿ."

ಖಾದರಸಾಬರು ಬೀಡಿ ಆರಿಸಿ ಕೆಲಸಕ್ಕೆ ಬಗ್ಗಿದರು.

ನನ್ನ ಎಡಬದಿಗೆ ಎರಡು ಹಾಸಿಗೆ, ಒಂದರ ಮೇಲೊಂದು. ಬಲಬದಿಗೆ ಕಡಪಾ ಕಲ್ಲಿನ ಒಲೆಕಟ್ಟೆ. ಮಾಡಿನ ಮೇಲೆ ನೀರಿನ ಡ್ರಮ್ಮು, ಅದರಿಂದ ಒಳಗೆ ಇಳಿದ ಒಂದು ನಲ್ಲಿ. ಸುತ್ತ ಬಲ್ಬು ಕಟ್ಟಿದ ದೊಡ್ಡ ಕನ್ನಡಿ. ಹಿಂಬದಿಗೆ ಎರಡು ಮೆಟ್ಟಿಲಿನ ಬಾಗಿಲು. ಬಾಗಿಲಿನ ಕೆಳಗೆ ತೇಗದ ಹೊಸ್ತಿಲು ಬೇಕು ಎಂದು ಅವಳು ಹಟ ಹಿಡಿದಳು.

"ಬಸ್ಸಿಗೆ ಯಾರರ ಹೊಸ್ತಿಲಾ ಹಚ್ತಾರೇನ್ ತಂಗಿ?" ಮೇಸ್ತ್ರಿ ನಕ್ಕರು.

"ಬಸ್ಸಿಗಲ್ರಿ. ಮನಿಗೆ."

ಹೊರಮೈಗೆ ತಿಳಿನೀಲಿ ಬಣ್ಣ ಬಳಿದರು. ಆ ನೀಲಿಯ ಮೇಲೆ ಹಳದಿ ಅಕ್ಷರದಲ್ಲಿ, ಈ ಚಕ್ರದಿಂದ ಆ ಚಕ್ರದವರೆಗೆ, ಅವಳ ಹೆಸರು ಬರೆದರು: ಮಂದಾಕಿನಿ ತಾವರಗೇರಿ. ಇಷ್ಟು ದೊಡ್ಡದಾಗಿ ಯಾಕೆ ಎಂದು ಶಿವಪುತ್ರ ಕೇಳಿದ. ಮನೆ ಬಾಡಿಗೆಗೆ ಕೊಡುವುದಿಲ್ಲ ಎಂದವರಿಗೆ ದೂರದಿಂದಲೇ ಓದಲು ಬರಲಿ ಎಂದಳು. ಆಗ ಅವಳು ನಕ್ಕ ನಗು ನನಗೆ ಬಹಳ ಹಿಡಿಸಿತು.

ಒಂದು ಕಹಿ ಆಗಲೇ ಬೆರೆತಿತ್ತು. ನನ್ನನ್ನು ನೋಂದಾಯಿಸುವ ಕಚೇರಿಯಲ್ಲಿ ಅವಳನ್ನು ಗಂಡನ ಹೆಸರು ಕೇಳಿದರು. ಇಲ್ಲ ಎಂದಳು. ಹಾಗಾದರೆ ಅಪ್ಪನ ಹೆಸರು ಹೇಳು ಎಂದರು. ಅವಳ ತಾಯಿಯೂ ನಟಿ, ತೀರಿಕೊಂಡಿದ್ದಳು. ಅಪ್ಪನ ಹೆಸರನ್ನು ತಾಯಿ ಹೇಳಿರಲಿಲ್ಲ. ಮೇಜಿನ ಸುತ್ತ ಇದ್ದವರು ಮುಸಿಮುಸಿ ನಕ್ಕರು. ಸಾವಿರ ಜನರ ಮುಂದೆ ಹೆದರದವಳು ಆ ನಾಲ್ಕು ಜನರ ಮುಂದೆ ಕೆಂಪಾದಳು. ಹೊರಗೆ ಬಂದು, "ನಿನ್ನ ಹೆಸರಿಗೆ ಮಾಡಿಸ್ಕೊ ಶಿವಪುತ್ರ. ನನಗ ಅವರ ಮುಂದ ಮತ್ತ ನಿಲ್ಲಾಕ ಆಗೂದಿಲ್ಲ" ಎಂದುಬಿಟ್ಟಳು. ಹೀಗೆ ನಾನು ಮಂದಾಕಿನಿಯ ಮನೆಯಾಗಿದ್ದುಕೊಂಡೇ ಕಾಗದದಲ್ಲಿ ಶಿವಪುತ್ರನ ಗಾಡಿಯಾದೆ. ಆಗ ಮೂವರಿಗೂ ಅದು ದೊಡ್ಡದೆನಿಸಲಿಲ್ಲ.

ಮೂವರು ಎಂದೆನಲ್ಲ, ಮೂರನೆಯವಳು ಯಮುನಾ. ಮಂದಾಕಿನಿಯ ತಂಗಿ. ನನ್ನೊಳಗೆ ಮೊದಲ ಸಲ ಹತ್ತಿದಾಗ ಎರಡು ಜಡೆಯ ಹುಡುಗಿ. ಮೇಲಿನ ಹಾಸಿಗೆ ಅವಳದು. ಅಕ್ಕ ಅವಳನ್ನು ತಾಯಿಯಂತೆ ಸಾಕಿದಳು. ಬೆಳಿಗ್ಗೆ ಎಬ್ಬಿಸಿ, ಎಣ್ಣೆ ಹಚ್ಚಿ, ರೊಟ್ಟಿ ಕಟ್ಟಿ, ಆ ಊರಿನಲ್ಲಿ ಯಾವ ಶಾಲೆಯಿದೆಯೋ ಅಲ್ಲಿಗೆ ಕಳಿಸುತ್ತಿದ್ದಳು. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದಳು. ಊರ ಹೆಂಗಸರು ದೂರ ನಿಂತು ನೋಡುತ್ತಿದ್ದರು. ಅವರಲ್ಲಿ ಯಾರಾದರೂ ಧೈರ್ಯ ಮಾಡಿ ಹತ್ತಿರ ಬಂದರೆ ಚಹಾ ಕೊಡುತ್ತಿದ್ದಳು. ಕುಡಿದವರು ಕಡಿಮೆ. ಆದರೂ ಅವಳು ಪ್ರತಿ ಊರಿನಲ್ಲಿಯೂ ಒಂದು ಲೋಟ ಹೆಚ್ಚಿಗೆ ಇಡುವುದನ್ನು ಬಿಡಲಿಲ್ಲ.

ನನಗೆ ಅದೆಲ್ಲ ಸುಖವಾಗಿತ್ತು. ಒಲೆಯ ಬಿಸಿ, ಒಗ್ಗರಣೆಯ ವಾಸನೆ, ಕನ್ನಡಿಯ ಮುಂದೆ ಕುಳಿತು ಮಾತು ಉರುಹಾಕುವ ಅವಳ ದನಿ. ಮನೆ ಎಂದರೆ ಇದು ಎಂದುಕೊಂಡಿದ್ದೆ. ಯಮುನಾಳಿಗೆ ನಾನು ಮನೆಯಾಗಿರಲಿಲ್ಲ ಎಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಒಂದು ಮೊಕ್ಕಾಮಿನಲ್ಲಿ ನಾಯಕಿಯ ತಂಗಿಯ ಪಾತ್ರದವಳು ಜ್ವರ ಬಂದು ಮಲಗಿದಳು. ಮಾಲೀಕ ರಾಚಯ್ಯನವರು ಬೇಡಿಕೊಂಡದ್ದಕ್ಕೆ ಒಂದೇ ಆಟಕ್ಕೆಂದು ಯಮುನಾಳಿಗೆ ಬಣ್ಣ ಹಚ್ಚಿದರು. ಮರುದಿನ ಮಧ್ಯಾಹ್ನ ಮಂದಾಕಿನಿ ಸಂತೆಗೆ ಹೋದ ಹೊತ್ತಿನಲ್ಲಿ ಒಬ್ಬ ನಡುವಯಸ್ಸಿನ ಗಂಡಸು ಮಲ್ಲಿಗೆ ಪೊಟ್ಟಣ ಹಿಡಿದು ನನ್ನ ಬಾಗಿಲು ತಟ್ಟಿದ. ಒಳಗಿದ್ದ ಹುಡುಗಿ ಚಿಲಕ ಹಾಕಿಕೊಂಡಳು. ಅವನು ಹೋಗಲಿಲ್ಲ. ನನ್ನ ಮೈಮೇಲಿನ ಹೆಸರನ್ನು ಬೆರಳಿನಿಂದ ತೀಡುತ್ತಾ, "ಬೋರ್ಡ್ ಬರಸೀರಿ, ಬಾಗಲಾ ಯಾಕ ಹಾಕೀರಿ?" ಎಂದ. ಯಮುನಾ ಮೇಲಿನ ಹಾಸಿಗೆಯ ಮೂಲೆಗೆ ಮುದುರಿ ಕುಳಿತು ನಡುಗಿದಳು. ಅವಳ ನಡುಕ ನನ್ನ ತಗಡಿಗೆ ತಾಗಿತು. ಸಂತೆಯಿಂದ ಬಂದ ಅಕ್ಕ ಒನಕೆ ಹಿಡಿದು ಅವನನ್ನು ಬೀದಿಯ ತುದಿಯವರೆಗೆ ಓಡಿಸಿದಳು. ಬಂದು ತಂಗಿಯನ್ನು ತಬ್ಬಿಕೊಂಡು, "ಬಾಗಲಾ ಗಟ್ಟಿ ಐತೆವ್ವಾ, ಅಂಜಬ್ಯಾಡ" ಎಂದಳು.

ಅಕ್ಕ ಬಾಗಿಲಿನ ಬಗ್ಗೆ ಹೇಳಿದಳು. ತಂಗಿ ಆ ಹೆಸರಿನ ಬಗ್ಗೆ ಯೋಚಿಸುತ್ತಿದ್ದಳು. ಮುಂದೆ ಯಮುನಾ ಎಂದೂ ಬಣ್ಣ ಹಚ್ಚಲಿಲ್ಲ. ನನ್ನಿಂದ ಇಳಿಯುವಾಗ ಸೆರಗು ಮುಖದ ಮೇಲೆ ಎಳೆದುಕೊಂಡು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಇಳಿಯುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಅವಳು ಶಿವಪುತ್ರನನ್ನು ಮದುವೆಯಾದಳು. ಅಕ್ಕನೇ ಮುಂದೆ ನಿಂತು ಮಾಡಿಸಿದಳು. ತನಗೆ ಬಂದ ಸಂಬಂಧಗಳನ್ನೆಲ್ಲ ತಂಗಿ ದೊಡ್ಡವಳಾಗಲಿ ಎಂದು ಬಿಟ್ಟವಳು ಅವಳು. ಹೊಸ ಜೋಡಿಗೆ ನನ್ನ ಒಳಭಾಗವನ್ನು ಬಿಟ್ಟುಕೊಟ್ಟು ತಾನು ಚಾಲಕನ ಸೀಟಿನ ಹಿಂದಿನ ಬೆಂಚಿನ ಮೇಲೆ ಪರದೆ ಕಟ್ಟಿಕೊಂಡು ಮಲಗಿದಳು. ಮಗು ಹುಟ್ಟಿತು, ರಂಜಿತಾ. ಮಗು ಮೊದಲು ಆಡಿದ ಮಾತು "ದೊಡ್ಡವ್ವ." ಮಂದಾಕಿನಿ ಅದನ್ನು ಕಂಪನಿಯ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಬಣ್ಣ ತೊಳೆದು ಬಂದವಳೇ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ನಾನೂ ಆಗ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ ಎಂದರೆ ನೀವು ನಂಬಬೇಕು.

ಮುಂದೆ ಕಂಪನಿಗಳಿಗೆ ಕೆಟ್ಟ ಕಾಲ ಬಂತು. ಮನೆಮನೆಗೂ ಟಿವಿ ಬಂದ ಮೇಲೆ ತಗಡಿನ ಥೇಟರಿನ ಮುಂದಿನ ಖುರ್ಚಿಗಳೂ ಖಾಲಿ ಬಿದ್ದವು. ರಾಚಯ್ಯನವರು ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು, ಪರದೆಗಳನ್ನು ಮಾರುತ್ತಿದ್ದೇನೆ ಎಂದರು. ನಾವು ಇಳಕಲ್ಲಿನ ಹೊರಗೆ ಒಂದು ಖಾಲಿ ಜಾಗದಲ್ಲಿ ನಿಂತೆವು. ಅಲ್ಲಿಂದ ಚಕ್ರ ಕದಲಲಿಲ್ಲ.

ರಂಜಿತಾ ಅಲ್ಲಿಯ ಶಾಲೆಗೆ ಸೇರಿದಳು. ಒಂದು ಸಂಜೆ ಅಳುತ್ತಾ ಬಂದಳು. ನಿಮ್ಮ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಬಸ್ಸು ಎಂದಳಂತೆ. ತರಗತಿಯ ಮಕ್ಕಳೆಲ್ಲ ನಕ್ಕಿದ್ದರು. ಒಬ್ಬಳು, "ಹಂಗಾರ ನೀನು ನಾಟಕದಾಕಿ ಮಗಳು, ನಮ್ಮವ್ವ ನಿನ್ನ ಸಂಗಾಟ ಕುಂಡ್ರಬ್ಯಾಡ ಅಂದಾಳ" ಎಂದಿದ್ದಳು. ಯಮುನಾ ಮಗಳ ಮುಖ ಒರೆಸಿದಳು. ಹೊರಗೆ ಬಂದು ನನ್ನ ಮೈಮೇಲಿನ ಹಳದಿ ಅಕ್ಷರಗಳನ್ನು ಬಹಳ ಹೊತ್ತು ನೋಡುತ್ತಾ ನಿಂತಳು.

ಅದೇ ಸುಮಾರಿಗೆ ಹೆದ್ದಾರಿ ಅಗಲವಾಯಿತು. ಕಾರುಗಳು ಹೆಚ್ಚಿದವು, ಕೆಟ್ಟು ನಿಲ್ಲುವ ಕಾರುಗಳೂ ಹೆಚ್ಚಿದವು. ಅವನ್ನು ಎತ್ತಿಕೊಂಡು ಹುಬ್ಬಳ್ಳಿಗೋ ಬಾಗಲಕೋಟೆಗೋ ಮುಟ್ಟಿಸುವ ಗಾಡಿ ಆ ಸುತ್ತಿನಲ್ಲಿ ಒಂದೂ ಇರಲಿಲ್ಲ. ಶಿವಪುತ್ರನಿಗೆ ಅದು ಹೊಳೆಯಿತು. ಉದ್ದನೆಯ ಚಾಸಿ ಕಣ್ಣ ಮುಂದೆಯೇ ನಿಂತಿತ್ತಲ್ಲ, ಅವನ ಹೆಸರಿನಲ್ಲಿಯೇ.

ಮಂದಾಕಿನಿಯನ್ನು ಸಿಂದಗಿಯ ಕಡೆ ಇನ್ನೊಂದು ಕಂಪನಿಯವರು ತಾಯಿಯ ಪಾತ್ರಕ್ಕೆ ಕರೆದರು. ಸ್ವಲ್ಪ ದಿನದ ಮಾತು. ಅವಳು ಒಂದು ಟ್ರಂಕು ಹಿಡಿದು ಹೋದಳು. ಹೋಗುವಾಗ ಹೊಸ್ತಿಲು ದಾಟಿ ನಿಂತು, "ಡ್ರಮ್ಮಿಗೆ ನೀರ ಹಾಕಸ್ರಿ, ನಲ್ಲಿ ಕಟ್ಟತೈತಿ" ಎಂದಳು. ಅವಳ ಬಸ್ಸು ಹೊರಟ ಮರುದಿನವೇ ನನ್ನನ್ನು ವೆಲ್ಡಿಂಗ್ ಶೆಡ್ಡಿಗೆ ತಂದರು.

ಶಿವಪುತ್ರ ಶೆಡ್ಡಿನವನಿಗೆ ತಿಳಿಸಿ ಹೇಳಿದ. ಚಾಲಕನ ಕ್ಯಾಬಿನ್ನು ಇರಲಿ, ಅದರ ಹಿಂದಿನ ಬೆಂಚಿನ ಭಾಗವೂ ಇರಲಿ. ಅಲ್ಲಿಂದಾಚೆಗೆ ಮೇಲಿನ ಮಾಡು, ಗೋಡೆ ಎಲ್ಲ ತೆಗೆದು ಬಯಲು ಮಾಡು.

"ಬೆಂಚ್ ಯಾಕ?" ಎಂದಳು ಯಮುನಾ.

"ಅಕ್ಕಾರ ಬಂದ್ರ ಮಲಗಾಕ..."

"ಬೆಂಚಿನಷ್ಟ ಜಾಗಾ ಇಟ್ಟಿ ಅಂದ್ರ ಆಕಿ ಅಲ್ಲೇ ಇರತಾಳ. ಆಕಿ ಅಲ್ಲಿ ಇದ್ರ ನಾವೂ ಅಲ್ಲೇ ಇದ್ದಂಗ. ನನ್ನ ಮಗಳು ಇನ್ನ ಎಷ್ಟ ದಿನ ಬಸ್ಸಿನಾಕಿ ಅನಿಸ್ಕೋಬೇಕು?"

ಅವಳು ಶೆಡ್ಡಿನವನ ಕೈಯಿಂದ ಸುಣ್ಣದ ಕಡ್ಡಿ ತೆಗೆದುಕೊಂಡಳು. ಚಾಲಕನ ಸೀಟಿನ ಬೆನ್ನಿಗೆ ಹತ್ತಿ, ಮಾಡಿನಿಂದ ನೆಲದವರೆಗೆ ಗೆರೆ ಎಳೆದಳು. ಗೆರೆ ಸೊಟ್ಟಾಯಿತು, ಅಳಿಸಿ ಮತ್ತೆ ಎಳೆದಳು. ಅವಳ ಕೈ ನಡುಗುತ್ತಿತ್ತು. ಆ ನಡುಕ ನನಗೆ ಹೊಸದಲ್ಲ.

ಗ್ಯಾಸ್ ಕಟರಿನ ಉರಿ ಮೈಗೆ ಹತ್ತಿದಾಗ ಆಗುವುದನ್ನು ನೋವು ಎನ್ನಬಹುದೋ ಏನೋ, ನನಗೆ ಬೇರೆ ಮಾತು ಗೊತ್ತಿಲ್ಲ. ಮೊದಲು ಡ್ರಮ್ಮು ಇಳಿಯಿತು. ಆಮೇಲೆ ಮಾಡು ತುಂಡುತುಂಡಾಗಿ ಬಿತ್ತು. ಹೆಸರು ಬರೆದ ಗೋಡೆಯನ್ನು ನಾಲ್ಕು ಭಾಗ ಮಾಡಿದರು. ಕಡಪಾ ಕಲ್ಲು ಎತ್ತುವಾಗ ಒಡೆಯಿತು. ನೆಲದ ಹಲಗೆ ಕಿತ್ತಾಗ ಸಂದಿಯಿಂದ ಹೇರ್‌ಪಿನ್ನು, ಹಣೆಯ ಟಿಕಳಿ, ಜರಿಯ ಚೂರು, ಮಗುವಿನ ಒಂದು ಗಿಲಕಿ ಉದುರಿದವು. ಕೆಲಸದವರು ಗುಡಿಸಿ ಹೊರಗೆ ಹಾಕಿದರು. ಹೊಸ್ತಿಲು ಗಟ್ಟಿಯಾಗಿತ್ತು, ಖಾದರಸಾಬರು ಬೋಲ್ಟು ಬಿಗಿದು ಕೂರಿಸಿದ್ದರು. ಅದನ್ನು ಹಾರೆಯಿಂದ ಮೀಟಿದರು. ಆ ಜಾಗಕ್ಕೆ ಕಾರು ಹತ್ತುವ ಎರಡು ಕಬ್ಬಿಣದ ಇಳಿಜಾರು ಹಲಗೆ ಬಂದವು. ನೆಲಕ್ಕೆ ಕಬ್ಬಿಣದ ಚಾನೆಲ್ಲು ಹಾಸಿ ದಪ್ಪ ತಗಡು ಬಡಿದರು. ಹಿಂದಿನ ಚಕ್ರಗಳಿಗೆ ಭಾರ ತಡೆಯಲು ಹೆಚ್ಚಿನ ಸ್ಪ್ರಿಂಗ್ ಪಾಟಾ ಸೇರಿಸಿದರು. ಕ್ಯಾಬಿನ್ನಿನ ಬೆನ್ನಿಗೆ ಕಾರನ್ನು ಎಳೆದುಕೊಳ್ಳುವ ವಿಂಚು ಕೂತಿತು. ಉಳಿದದ್ದಕ್ಕೆಲ್ಲ ಕಡುಹಸಿರು ಬಣ್ಣ ಬಳಿದರು.

ಅವರು ಆ ಬಣ್ಣ ಬಳಿಯುತ್ತಿರುವಾಗಲೇ ಮಂದಾಕಿನಿ ಬಂದಳು. ಮೊದಲು ಖಾಲಿ ಜಾಗಕ್ಕೆ ಹೋಗಿ, ಕೇಳಿಕೊಂಡು ಇಲ್ಲಿಗೆ ಬಂದಿದ್ದಳು. ಬಿಸಿಲಲ್ಲಿ ಟ್ರಂಕು ಹೊತ್ತು ಬೆವೆತಿದ್ದಳು. ನನ್ನನ್ನು ದಾಟಿಕೊಂಡು ಹೋಗಿ ಶೆಡ್ಡಿನ ಒಳಗೆಲ್ಲ ಹುಡುಕಿದಳು. ಗುರುತು ಹತ್ತಲಿಲ್ಲ ಅವಳಿಗೆ. ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ತಗಡಿನ ಮೇಲೆ 'ದಾಕಿ' ಎಂಬ ಎರಡು ಹಳದಿ ಅಕ್ಷರ ಕಂಡಾಗ ನಿಂತಳು. ಮೆಲ್ಲಗೆ ನನ್ನ ಕಡೆ ತಿರುಗಿದಳು.

ಶಿವಪುತ್ರ ತಲೆ ತಗ್ಗಿಸಿದ. "ಅಕ್ಕಾರ, ಹೊಟ್ಟಿ ನಡೀಬೇಕಲ್ರಿ."

"ಹೌದಪಾ, ನಡೀಬೇಕು." ಅವಳ ದನಿ ಮೆತ್ತಗಿತ್ತು. "ನಾ ಎಲ್ಲಿ ಮಲಗ್ಲಿ ಶಿವಪುತ್ರ?"

ಯಮುನಾ ಮುಂದೆ ಬಂದಳು. "ನಮ್ಮ ಸಂಗಾಟ ಬಾ ಅಕ್ಕಾ. ಊರಾಗ ಬಾಡಗಿ ಮನಿ ಹಿಡದೇವಿ. ಎಲ್ಡ ಖೋಲಿ ಅದಾವು."

"ಕೊಟ್ರಾ ಮನಿ?"

"ಕೊಟ್ರು." ಯಮುನಾ ಸೆರಗಿನ ತುದಿ ಸುತ್ತತೊಡಗಿದಳು. "ನಾಟಕದ್ದು ಹೇಳಿಲ್ಲ ಅವರಿಗೆ. ನೀ ಬಂದ್ರ ಊರಾಗ ಗುರ್ತ ಹಿಡಿತಾರ. ಒಂದ್ ನಾಕ ವರ್ಷ ಹೊರಗ ಬರಬ್ಯಾಡ. ನಾಟಕ ಬಿಟ್ಟಬಿಡು. ಯಾರರ ಕೇಳಿದ್ರ ದೂರದ ಸಂಬಂಧಿಕಳು ಅಂತೀನಿ."

ಮೈಕಿಲ್ಲದೆ ಕಟ್ಟಕಡೆಯ ಸಾಲಿಗೆ ದನಿ ಮುಟ್ಟಿಸುತ್ತಿದ್ದವಳು ಮಂದಾಕಿನಿ. ಕೂಗಿ ಬೈಯಬಹುದಿತ್ತು, ಶಪಿಸಬಹುದಿತ್ತು. ಅಂಥ ಮಾತುಗಳು ಅವಳಿಗೆ ಬಾಯಿಪಾಠವಿದ್ದವು. ಅವಳು ತಂಗಿಯ ಮುಖವನ್ನೇ ನೋಡಿದಳು. ಹಣೆಯ ಮೇಲೆ ಸಿಡಿದಿದ್ದ ಹಸಿರು ಬಣ್ಣದ ಹನಿಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ನನ್ನ ಸಂಬಂಧ ಭಾಳ ತ್ರಾಸ ಆತಲ್ಲ ನಿನಗ" ಎಂದಳು.

ವ್ಯಂಗ್ಯವೇನಾದರೂ ಇತ್ತೋ ಎಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಇರಲಿಲ್ಲ. ಅದಕ್ಕೇ ಯಮುನಾ ಅದನ್ನು ತಡೆದುಕೊಳ್ಳಲಾರದೆ ಮುಖ ತಿರುಗಿಸಿದಳು. ಮಂದಾಕಿನಿ ಟ್ರಂಕು ಎತ್ತಿಕೊಂಡು ಬಂದ ದಾರಿಯಲ್ಲಿಯೇ ಹೋದಳು. ರಂಜಿತಾ ಶಾಲೆಯಲ್ಲಿದ್ದಳು. ಅವಳಿಗಾಗಿ ತಂದಿದ್ದ ಬೆಂಡು ಬತ್ತಾಸಿನ ಪೊಟ್ಟಣ ನನ್ನ ಹಲಗೆಯ ಮೇಲೆ ಉಳಿಯಿತು.

ಹೀಗೆ ನನ್ನ ಮೂರನೆಯ ಜನ್ಮ ಶುರುವಾಯಿತು. ಒಳ್ಳೆಯ ಗಾಡಿಯಾದೆ ಎಂದೇ ಹೇಳಬೇಕು. ಹೆದ್ದಾರಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳು, ಗದ್ದೆಗೆ ಉರುಳಿದ ಜೀಪುಗಳು, ಶೋರೂಮಿಗೆ ಹೋಗುವ ಹೊಸ ಗಾಡಿಗಳು, ಎಲ್ಲವನ್ನೂ ಬೆನ್ನ ಮೇಲೆ ಹಾಕಿಕೊಂಡು ನಡೆದೆ. ಅಪಘಾತದ ಕಾರುಗಳೇ ಕಷ್ಟ. ಒಡೆದ ಗಾಜಿನ ನಡುವೆ ಮಗುವಿನ ಒಂದು ಚಪ್ಪಲಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಇರುತ್ತಿದ್ದವು. ರಂಜಿತಾ ಮಲಗುತ್ತಿದ್ದ ಜಾಗದಲ್ಲಿ ರಕ್ತ ಹತ್ತಿದ ಕಬ್ಬಿಣ ಇಟ್ಟುಕೊಂಡು ಹೋಗುವುದು ನನಗೆ ಕೊನೆಯವರೆಗೂ ರೂಢಿಯಾಗಲಿಲ್ಲ. ಶಿವಪುತ್ರ ಊದುಬತ್ತಿ ಹಚ್ಚುತ್ತಿದ್ದ, ನೀರು ಹಾಕಿ ತೊಳೆಯುತ್ತಿದ್ದ. ನೀರು ತಗಡಿನ ಮೇಲೆ ಹರಿದು ಕೆಳಗೆ ಬೀಳುತ್ತಿತ್ತು.

ಅವನು ಕೆಟ್ಟವನಲ್ಲ. ದುಡಿದು ಮನೆ ಕಟ್ಟಿಸಿದ, ಮಗಳನ್ನು ಕಾಲೇಜಿಗೆ ಕಳಿಸಿದ. ದಾರಿಯಲ್ಲಿ ನಾಟಕದ ಬೋರ್ಡು ಕಂಡರೆ ವೇಗ ಇಳಿಸಿ ಓದುತ್ತಿದ್ದ. ಮೊದಮೊದಲು ಮಂದಾಕಿನಿಯ ಹೆಸರು ಮೇಲೆಯೇ ಇರುತ್ತಿತ್ತು. ವರ್ಷ ಕಳೆದಂತೆ ಕೆಳಗಿಳಿಯಿತು, ಅಕ್ಷರ ಸಣ್ಣದಾಯಿತು. ಒಮ್ಮೆ ಮುದ್ದೇಬಿಹಾಳದ ಹತ್ತಿರ ಥೇಟರಿನ ಹಿಂದೆ ನನ್ನನ್ನು ನಿಲ್ಲಿಸಿ ಒಳಗೆ ಹೋದ. ತಗಡಿನ ಸಂದಿಯಿಂದ ನನಗೂ ಕಂಡಿತು. ಅವಳು ಪಾತ್ರದವರ ಬಟ್ಟೆಯ ಪೆಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ಚಾಪೆ ಹಾಸಿಕೊಂಡಿದ್ದಳು. ಅಂದಿನಿಂದ ಆ ಕಡೆ ಬಾಡಿಗೆ ಸಿಕ್ಕರೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗಿ ಕೊಡುತ್ತಿದ್ದ. ದಾರಿಗೆ ಬೇಕು ಎಂದು ಯಮುನಾಳಿಗೆ ಹೇಳುತ್ತಿದ್ದ. ಒಬ್ಬ ಗಂಡಸಿಗೆ ಇಷ್ಟು ರೊಟ್ಟಿ ಯಾಕೆ ಎಂದು ಯಮುನಾ ಒಮ್ಮೆಯೂ ಕೇಳಲಿಲ್ಲ. ಕಟ್ಟಿಕೊಡುತ್ತಿದ್ದಳು.

ರಂಜಿತಾಳ ಮದುವೆ ಬಾಗಲಕೋಟೆಯ ಒಂದು ದೊಡ್ಡ ಮಂಟಪದಲ್ಲಿ ಆಯಿತು. ವರನ ಕಡೆಯವರು ಮರ್ಯಾದಸ್ಥರು, ಕುಲ ಗೋತ್ರ ಕೇಳಿಯೇ ಹೆಜ್ಜೆ ಇಡುವವರು. ಅಳಿಯನಿಗೆ ಕೊಟ್ಟ ಹೊಸ ಬಿಳಿ ಕಾರನ್ನು ಹೂವಿನಿಂದ ಸಿಂಗರಿಸಿ, ನನ್ನ ಬೆನ್ನ ಮೇಲೆ ಕೂರಿಸಿ, ಬ್ಯಾಂಡಿನ ಜೊತೆ ಮಂಟಪದ ಬಾಗಿಲಿಗೆ ತಂದರು. ಕಾರನ್ನು ಕೆಳಗಿಳಿಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ನನ್ನನ್ನು ಅದರ ಪಕ್ಕಕ್ಕೆ, ಬೇವಿನ ಮರದ ಕೆಳಗೆ ಬಿಟ್ಟರು.

ಮುಹೂರ್ತ ಮುಗಿದಿತ್ತು. ಆಗ ಗೇಟಿನಲ್ಲಿ ಮಂದಾಕಿನಿ ಬಂದಳು. ಕೂದಲು ಬೆಳ್ಳಗಾಗಿ ತೆಳ್ಳಗಾಗಿತ್ತು, ಮೈ ಬಾಗಿತ್ತು. ಕಂಕುಳಲ್ಲಿ ಒಂದು ಸೀರೆಯ ಪೊಟ್ಟಣ. ಕರೆದವನು ಶಿವಪುತ್ರ, ಅವನ ಮುಖ ನೋಡಿಯೇ ಗೊತ್ತಾಯಿತು. ಊಟಕ್ಕೆ ಬರುವವರನ್ನು ಎದುರುಗೊಳ್ಳಲು ಬಾಗಿಲಲ್ಲಿ ನಿಂತಿದ್ದ ಯಮುನಾಳ ಕೈಯಲ್ಲಿನ ಪನ್ನೀರುದಾನಿ ಎತ್ತಿದಲ್ಲಿಯೇ ನಿಂತಿತು. ಅವಳ ಪಕ್ಕದಲ್ಲಿ ವರನ ಸೋದರತ್ತೆ, ಮೈತುಂಬ ಬಂಗಾರ.

"ಇವರ್ಯಾರ್ರೀ ಬೀಗತ್ಯಾರ? ಎಲ್ಲೋ ನೋಡಿದಂಗ ಐತಲ್ಲ" ಎಂದಳು ಸೋದರತ್ತೆ.

ಯಮುನಾಳ ಬಾಯಿ ತೆರೆಯಿತು. ಅಕ್ಕ ಎಂದು ಹೇಳಲು ಹೊರಟಿದ್ದಳೋ, ಬೇರೆ ಏನನ್ನೋ, ಯಾರಿಗೂ ತಿಳಿಯುವ ಹಾಗಿಲ್ಲ. ಮಂದಾಕಿನಿ ಕಾಯಲಿಲ್ಲ. ನೋಡನೋಡುತ್ತಿದ್ದಂತೆ ಅವಳ ಭುಜ ಇಳಿಯಿತು, ಸೊಂಟ ಇನ್ನಷ್ಟು ಬಾಗಿತು, ಸೆರಗು ತಲೆಗೆ ಬಂತು. ದನಿಯೂ ಬೇರೆಯಾಯಿತು.

"ನಾ ಇವರ ಮನ್ಯಾಗ ರೊಟ್ಟಿ ಬಡೀತಿದ್ನಿರಿ ಯವ್ವಾ. ಕೂಸಿದ್ದಾಗ ಇವರ ಮಗಳನ್ನ ಆಡಿಸೀನ್ರಿ. ದೊಡ್ಡ ಮನಿಗೆ ಕೊಟ್ಟಾರಂತ, ನೋಡಿ ಹೋಗೂಣು ಅಂತ ಬಂದ್ನಿ."

"ಹೌದೇನಬೇ? ಊಟಾ ಮಾಡಿ ಹೋಗು. ಕೆಲಸದವರಿಗೆ ಹಿಂದ ಹಾಕ್ಯಾರ ನೋಡು."

"ಆತ್ರೆವ್ವಾ. ತಣ್ಣಗ ಇರ್ರಿ."

ನಾನು ಅವಳ ನೂರಾರು ಆಟಗಳನ್ನು ಥೇಟರಿನ ಹಿಂದೆ ನಿಂತು ಕೇಳಿದವನು. ರಾಣಿಯಾಗಿ, ವಿಧವೆಯಾಗಿ, ಗರತಿಯಾಗಿ ಜನರನ್ನು ಅಳಿಸಿದ್ದಾಳೆ. ಇಷ್ಟು ಚೆನ್ನಾಗಿ ಅವಳು ಎಂದೂ ಆಡಿರಲಿಲ್ಲ. ಒಬ್ಬರಿಗೂ ಅನುಮಾನ ಬರಲಿಲ್ಲ.

ಸೀರೆಯ ಪೊಟ್ಟಣವನ್ನು ಯಮುನಾಳ ಕೈಗೆ ಕೊಡಲಿಲ್ಲ. ಶಿವಪುತ್ರನ ಕೈಗಿಟ್ಟು, ಎಲೆಯಲ್ಲಿ ಬಡಿಸಿದ್ದನ್ನು ತೆಗೆದುಕೊಂಡು ಬಂದು, ಕೂರಲು ಜಾಗ ಕಾಣದೆ ನನ್ನ ಬರಿಯ ತಗಡಿನ ಮೇಲೆ ಕುಳಿತಳು. ಒಲೆಯಿದ್ದ ಕಡೆ ಬೆನ್ನು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಕಡುಹಸಿರು ಬಣ್ಣವನ್ನು ಒಮ್ಮೆ ಅಂಗೈಯಿಂದ ಸವರಿ ಊಟಕ್ಕೆ ಕೈ ಹಾಕಿದಳು. ಮಾದಲಿ ಬಡಿಸಿದ್ದರು. ಹಸಿದಿದ್ದಳು, ಬೇಗಬೇಗ ತಿಂದಳು.

ಅಷ್ಟರಲ್ಲಿ ವಧೂವರರು ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಬಂದರು. ಫೋಟೋದವನು ಹಿಂದೆ ಸರಿದು ಕೈ ಮಾಡಿ ತೋರಿಸಿದ. ರಂಜಿತಾ ತಿರುಗಿ ನೋಡಿದಳು. ಬಾಸಿಂಗದ ಕೆಳಗೆ ಅವಳ ಕಣ್ಣುಗಳು ಮಂದಾಕಿನಿಯ ಮೇಲೆ ನಿಂತವು. ಮಂದಾಕಿನಿ ತುತ್ತು ಕೈಯಲ್ಲಿ ಹಿಡಿದು ಮುಖ ಎತ್ತಿದಳು. ಆ ಮುಖದಲ್ಲಿ ನಟನೆ ಒಂದಿಷ್ಟೂ ಇರಲಿಲ್ಲ.

"ಅಜ್ಜೀ, ಒಂಚೂರು ಆ ಕಡೆ ಸರೀರಿ" ಎಂದಳು ರಂಜಿತಾ. "ಫೋಟೋದಾಗ ಬರ್ತೀರಿ."

ಗುರುತು ಸಿಗಲಿಲ್ಲವೋ, ಸಿಕ್ಕಿತ್ತೋ. ಹೇಳುವ ಧೈರ್ಯ ನನಗಿಲ್ಲ. ಮಂದಾಕಿನಿ ಎಲೆ ಎತ್ತಿಕೊಂಡು ಮರದ ಆಚೆ ಹೋದಳು.

ಆಮೇಲೆ ನಾನು ಅವಳನ್ನು ಕಾಣಲಿಲ್ಲ. ನನ್ನ ಎಂಜಿನ್ನಿಗೆ ಉಬ್ಬಸ ಹತ್ತಿತು, ಚಾಸಿಯಲ್ಲಿ ಬಿರುಕು ಬಿಟ್ಟಿತು. ಶಿವಪುತ್ರನ ಬೆನ್ನೂ ಹೋಯಿತು. ಮೊನ್ನೆ ನನ್ನನ್ನು ಇಲ್ಲಿಗೆ, ಗದಗ ರಸ್ತೆಯ ಗುಜರಿ ಅಂಗಳಕ್ಕೆ ತಂದು ಬಿಟ್ಟ. ಆಶ್ಚರ್ಯವೆಂದರೆ ಯಮುನಾ ಕೂಡ ಜೊತೆಗೆ ಬಂದಿದ್ದಳು. ಶೆಡ್ಡಿನ ಆ ದಿನದಿಂದ ಅವಳು ನನ್ನನ್ನು ಮುಟ್ಟಿದವಳಲ್ಲ. ಶಿವಪುತ್ರ ಅಂಗಳದವನ ಹತ್ತಿರ ಮಾತಾಡುತ್ತಿದ್ದಾಗ ಅವಳು ಇಳಿಜಾರು ಹಲಗೆ ಹಿಡಿದು ಕಷ್ಟಪಟ್ಟು ಮೇಲೆ ಹತ್ತಿದಳು. ಮೊದಲು ಹಾಸಿಗೆಗಳಿದ್ದ ಎಡಬದಿಗೆ ನಡೆದು, ಗಾಳಿಯಲ್ಲಿ ಕೈ ಎತ್ತಿ, ಏನನ್ನೋ ಹಿಡಿಯುವವಳಂತೆ ನಿಂತಳು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ.

ಶಿವಪುತ್ರ ಬಂದು ಕೆಳಗೆ ನಿಂತ.

"ಅಕ್ಕಂದು ಏನರ ಸುದ್ದಿ ಐತೇನು?" ಎಂದಳು, ಅವನ ಕಡೆ ನೋಡದೆ.

"ಹ್ವಾದ ವರ್ಷನ ತೀರಿಕೊಂಡ್ಲು. ಲಿಂಗಸುಗೂರದಾಗ, ಕಂಪನಿ ಮೊಕ್ಕಾಮಿನ್ಯಾಗ. ನಾ ಹೋಗಿ ಮಣ್ಣ ಮಾಡಿ ಬಂದ್ನಿ."

"ನನಗ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಯಮುನಾ ಕುಸಿದು ಕುಳಿತಳು. ಬಾಯಿಗೆ ಸೆರಗು ತುರುಕಿಕೊಂಡಳು. ಅಂಗಳದಲ್ಲಿ ನಾಲ್ಕಾರು ಜನ ಕೆಲಸ ಮಾಡುತ್ತಿದ್ದರು. ಅವರು ತಿರುಗಿ ನೋಡಿದ್ದು ಕಂಡು ಬೇಗನೆ ಕಣ್ಣು ಒರೆಸಿಕೊಂಡಳು, ಸೆರಗು ಮುಖಕ್ಕೆ ಎಳೆದುಕೊಂಡಳು. ಕೆಳಗಿಳಿದ ಮೇಲೆ ಹೇಳಿದ್ದು ಒಂದೇ ಮಾತು. "ರಂಜಿತಾಗ ಹೇಳಬ್ಯಾಡ. ಆಕಿ ಮನ್ಯಾಗ ಗೊತ್ತಾದೀತು."

ಈಗ ನನ್ನ ಸರದಿ ಬರುವವರೆಗೆ ಇಲ್ಲಿ ನಿಂತಿದ್ದೇನೆ. ಅಕ್ಕಪಕ್ಕದಲ್ಲಿ ಗಾಜಿಲ್ಲದ ಜೀಪುಗಳು, ಮಕಾಡೆ ಬಿದ್ದ ಆಟೋಗಳು. ಯೋಚಿಸಲು ಬೇಕಾದಷ್ಟು ಹೊತ್ತಿದೆ. ಯಮುನಾ ಕೆಟ್ಟವಳೇ ಎಂದು ಕೇಳಿಕೊಳ್ಳುತ್ತೇನೆ. ಮೇಲಿನ ಹಾಸಿಗೆಯಲ್ಲಿ ಮುದುರಿ ನಡುಗಿದ ಹುಡುಗಿಯನ್ನು ಬಲ್ಲ ನಾನು ಅವಳನ್ನು ಕೆಟ್ಟವಳು ಎನ್ನಲಾರೆ. ಮಂದಾಕಿನಿಗೆ ಅನ್ಯಾಯವಾಗಲಿಲ್ಲ ಎಂದೂ ಹೇಳಲಾರೆ. ಇಬ್ಬರನ್ನೂ ಹೊತ್ತುಕೊಂಡು ನಾನು ಊರೂರು ತಿರುಗಿದ್ದೇನೆ. ಮುಂದಿನ ಖುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು, ಮನೆ ಇಲ್ಲ ಎಂದವರು, ಪೊಟ್ಟಣ ಹಿಡಿದು ಬಾಗಿಲು ತಟ್ಟಿದವರು, ಎಲ್ಲರ ಬೀದಿಗಳೂ ನನಗೆ ಗೊತ್ತು. ಅವರ ಮನೆಗಳನ್ನು ಯಾರೂ ಕತ್ತರಿಸಲಿಲ್ಲ. ಅವರು ಅವುಗಳಲ್ಲಿಯೇ ಇದ್ದಾರೆ, ಮಕ್ಕಳು ಮೊಮ್ಮಕ್ಕಳೊಂದಿಗೆ, ಚೆನ್ನಾಗಿ.